ಕಾಂತದ ಮನೆಯ ಸುಳ್ಳು ಬಿರುಗಾಳಿ

"ಪಿಸ್ತೂಲು ಹೊರಗಿಟ್ಟು ಬರ್ರಿ, ಸಾಹೇಬ್ರ."

ಇನ್‌ಸ್ಪೆಕ್ಟರ್ ಅಂಬಾರಾಯ ಹೊಸ್ತಿಲ ಮೇಲೇ ನಿಂತುಬಿಟ್ಟ. ಇಷ್ಟು ವರ್ಷದ ನೌಕರಿಯಲ್ಲಿ ಕಳ್ಳರೂ ಅವನಿಗೆ ಈ ಮಾತು ಹೇಳಿರಲಿಲ್ಲ. ಹೇಳಿದವಳು ಫಕ್ರುನ್ನಿಸಾ, ಕಡಗಂಚಿ ಭೂಕಾಂತ ವೀಕ್ಷಣಾ ಕೇಂದ್ರದ ಸಹಾಯಕಿ. ಆಳಂದದ ಹುಡುಗಿ, ಭೌತಶಾಸ್ತ್ರ ಓದಿದವಳು. ಕೈಯಲ್ಲಿ ಗಾಜಿನ ಬಳೆ, ಜಡೆಗೆ ಬಟ್ಟೆಯ ಪಟ್ಟಿ. ಮೈಮೇಲೆ ಒಂದು ಸೇಫ್ಟಿ ಪಿನ್ನೂ ಇರಲಿಲ್ಲ.

"ಯಾಕ್ರಿ, ನಿಮ್ಮ ಯಂತ್ರಕ್ಕ ಪೊಲೀಸ್ರ ಹೆದರಿಕಿ ಅದ ಏನು?"

"ಪೊಲೀಸ್ರದಲ್ರಿ. ಕಬ್ಬಿಣದ್ದು."

ಅವನು ಪಿಸ್ತೂಲನ್ನು ಪೇದೆಯ ಕೈಗೆ ಕೊಟ್ಟು ಒಳಗೆ ಬಂದ. ಶಹಾಬಾದ ಕಲ್ಲಿನ ಗೋಡೆ, ಮರದ ಬೆಣೆಯ ಬಾಗಿಲು, ತಾಮ್ರದ ಮೊಳೆ. ಸುತ್ತಲಿನ ಹಳ್ಳಿಯವರು ಇದನ್ನು ಕಾಂತದ ಮನೆ ಎನ್ನುತ್ತಿದ್ದರು. ಇದರ ಹಿಂದೆಯೇ ಹೋದ ವಾರ ಕಾವಲುಗಾರ ಲಾಡ್ಲೆಸಾಬ ತಲೆ ಒಡೆದು ಬಿದ್ದಿದ್ದ. ಈಗ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ಅವನನ್ನು ಬಂಡಿಯಲ್ಲಿ ಹಾಕಿ ತಂದ ಕಿಣ್ಣಿ ಸುಲ್ತಾನದ ಮಲ್ಕಪ್ಪ, ತಂದ ತಪ್ಪಿಗೇ ಆಳಂದ ಠಾಣೆಯ ಲಾಕಪ್ಪಿನಲ್ಲಿ ಕೂತಿದ್ದ.

ಒಳಗೆ ಕತ್ತಲು. ಗಾಜಿನ ಕೊಳವೆಯೊಳಗೆ ಕೂದಲಿಗಿಂತ ತೆಳುವಾದ ಎಳೆಗೆ, ಭೂಮಿಯ ಕಾಂತಬಲ ಅಳೆಯುವ ಒಂದು ಪುಟ್ಟ ಕಾಂತ ತೂಗುತ್ತಿತ್ತು. ಅದಕ್ಕಂಟಿದ ಕನ್ನಡಿಯಿಂದ ಬೆಳಕಿನ ಚುಕ್ಕೆಯೊಂದು ಎದುರಿನ ಗಾಜಿನ ಪಟ್ಟಿಯ ಮೇಲೆ ಬಿದ್ದಿತ್ತು.

ಅಂಬಾರಾಯ ಇನ್ನೊಂದು ಹೆಜ್ಜೆ ಮುಂದಿಟ್ಟ. ಚುಕ್ಕೆ ಪಕ್ಕಕ್ಕೆ ಸರಿಯಿತು.

"ಕಿಸೇದಾಗ ಏನದ್ರಿ?"

ಅವನು ಕೈ ಹಾಕಿ ಲಾಕಪ್ಪಿನ ಕೀಲಿಕೈ ಗೊಂಚಲು ತೆಗೆದ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ಅವನು ಗೊಂಚಲನ್ನು ಬೇಕೆಂದೇ ಮುಂದೆ ಚಾಚಿದ; ಚುಕ್ಕೆ ಓಡಿತು. ಹಿಂದೆ ಎಳೆದುಕೊಂಡ, ಚುಕ್ಕೆ ತಿರುಗಿ ಬಂತು.

"ಕೀಲಿಕೈಗೇ ಇಷ್ಟು ಕುಣೀತದ. ದೊಡ್ಡದೊಂದು ಕಬ್ಬಿಣ ತಂದು ಈ ಗ್ವಾಡಿ ಆಚೆ ಇಟ್ರ?"

ಫಕ್ರುನ್ನಿಸಾ ದೀಪದ ಬತ್ತಿ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದಳು.

"ಇಟ್ರ ಬಿರುಗಾಳಿ ಬಂದಂಗ ಕಾಣ್ತದ್ರಿ. ಸೂರ್ಯನ್ಯಾಗಿಂದ ಬರೋ ಬಿರುಗಾಳಿ."

ನಿನ್ನೆ ಸಂಜೆ ಬೇಲಿಯ ಮೂಲೆಯಲ್ಲಿ, ಕಾರಿಜಾಲಿ ಗಿಡದ ಬುಡದಲ್ಲಿ ನಾಯಿಯೊಂದು ಕೆರೆದಿದ್ದ ಮಣ್ಣು ಅಂಬಾರಾಯನ ಕಣ್ಣಿಗೆ ಬಿದ್ದಿತ್ತು. ಅಲ್ಲಿದ್ದ ಫರ್ಸಿ ಹಾಸುಗಲ್ಲು ಸರಿಸಿ ನೋಡಿದರೆ, ಗೋಣಿಯಲ್ಲಿ ಸುತ್ತಿದ ಬಂಡಿಯ ಕಬ್ಬಿಣದ ಅಚ್ಚು. ಚಳಿಗಾಲದಲ್ಲಿ ತನ್ನ ಬಂಡಿಯ ಅಚ್ಚು ಕಳುವಾಯಿತೆಂದು ಮಲ್ಕಪ್ಪ ಠಾಣೆಗೆ ಬಂದು ಅತ್ತಿದ್ದ. ಆಗ ಎಲ್ಲರೂ ನಕ್ಕು ಕಳಿಸಿದ್ದರು. ಅಂಬಾರಾಯ ಕಲ್ಲನ್ನು ಮೊದಲಿನಂತೆ ಮುಚ್ಚಿ, ಮಣ್ಣೆಳೆದು, ಯಾರಿಗೂ ಹೇಳದೆ ಹೋಗಿದ್ದ. ಕದ್ದ ಅಚ್ಚನ್ನು ಮಾರದೆ ಇಲ್ಲಿ ಏಕೆ ಹೂತರು ಎಂಬುದು ನಿನ್ನೆ ತಿಳಿದಿರಲಿಲ್ಲ. ಈಗ ತಿಳಿಯಿತು: ಬೇಕಾದಾಗ ತೆಗೆದು ಈ ಗೋಡೆಯ ಹತ್ತಿರ ಇಡಲು.

"ಜನವರಿದಾಗ ಎರಡು ದೊಡ್ಡ ಬಿರುಗಾಳಿ ಬಂದುವು ಅಂತ ದಿಲ್ಲಿಗೆ ಬರದು ಕಳಿಸೀರಂತಲ್ಲ, ಮೇಡಂ. ದೇಶದಾಗಿನ ಬ್ಯಾರೆ ಕೇಂದ್ರದವ್ರಿಗೂ ಕಂಡಿದ್ದುವೇನು?"

"ಇಲ್ರಿ."

"ಸೂರ್ಯ ಕಡಗಂಚಿಗಷ್ಟೇ ಬಿರುಗಾಳಿ ಕಳಸ್ತಾನೇನು?"

"ಇಲ್ರಿ ಸಾಹೇಬ್ರ," ಎಂದಳು. "ಇಡೀ ಭೂಮಿಗೇ ಬಡೀತದ. ಬಂದ್ರ ಎಲ್ಲಾರಿಗೂ ಬರ್ತದ."

ಹೊರಗೆ ಬೇವಿನ ನೆರಳಲ್ಲಿ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಪಾಂಡುರಂಗರಾವ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಿಳಿ ಧೋತರ, ಮೇಲೆ ಅರ್ಧ ತೋಳಿನ ಅಂಗಿ, ಕಾಲಲ್ಲಿ ಮೊಳೆಯಿಲ್ಲದ, ಹೊಲಿಗೆ ಹಾಕಿಸಿದ ಚಪ್ಪಲಿ. ಬುಧವಾರ ದಿಲ್ಲಿಯಿಂದ ಸಮಿತಿ ಬರುವುದಿತ್ತು. ಕೇಂದ್ರಕ್ಕೆ ಸರ್ಕಾರದ ಅನುದಾನ ಮುಂದುವರಿಸಬೇಕೋ, ಬಾಗಿಲಿಗೆ ಬೀಗ ಜಡಿಯಬೇಕೋ ಎಂದು ತೀರ್ಮಾನಿಸಲು.

ಅಂಬಾರಾಯ ಎದುರಿನ ಕಲ್ಲಿನ ಮೇಲೆ ಕೂತ. ಸುತ್ತಿ ಬಳಸಿ ಮಾತಾಡುವುದು ಅವನಿಗೆ ಬರುತ್ತಿತ್ತು. ಈ ಮನುಷ್ಯನ ಮುಂದೆ ಬೇಡ ಅನ್ನಿಸಿತು.

"ರಾಯರ, ನಿಮ್ಮ ಜನವರಿ ಬಿರುಗಾಳಿ ಸುಳ್ಳು."

ರಾಯರು ಕಣ್ಣು ಮುಚ್ಚಿದರು. ಸಿಟ್ಟು ಬರುತ್ತದೆ ಎಂದುಕೊಂಡಿದ್ದ ಅಂಬಾರಾಯನಿಗೆ ಆ ಮುಖದಲ್ಲಿ ಕಂಡದ್ದು ದಣಿವು.

"ಗೊತ್ತದ."

"ಯಾವಾಗಿಂದ?"

"ಆ ಚುಕ್ಕಿ ಕಾಗದದ ಮ್ಯಾಲೆ ಬರದ ಗೆರಿ ನೋಡಿದ ದಿನಾನಽ. ಖರೇ ಬಿರುಗಾಳಿ ಹಂಗ ಬರಂಗಿಲ್ಲ. ಅದು ಉಸಿರಾಡ್ತದ, ಏಳ್ತದ, ಬೀಳ್ತದ. ಇದು ಯಾರೋ ಬಾಗಲಾ ತಗದು ಹಾಕಿದಂಗ ಇತ್ತು."

"ಹಂಗಾದ್ರ ದಿಲ್ಲಿಗೆ ಯಾಕ ಕಳಿಸಿದ್ರಿ?"

ರಾಯರು ಬೇವಿನ ಕಾಂಡಕ್ಕೆ ತಲೆಯಾನಿಸಿದರು. "ನೋಡ್ರಿ ಅಂಬಾರಾಯರ, ಸೂರ್ಯ ಹತ್ತು ಹನ್ನೊಂದು ವರ್ಷಕ್ಕೊಮ್ಮೆ ಎಚ್ಚರಾಗ್ತಾನ. ನಡುವಿನ ವರ್ಷದಾಗ ಸುಮ್ಮನಿರ್ತಾನ. ಅವ ಸುಮ್ಮನಿದ್ದಾಗೆಲ್ಲ ದಿಲ್ಲಿಯವ್ರು ಕೇಳ್ತಾರ, ಏನು ಕಂಡ್ರಿ, ಏನು ಹೇಳಿದ್ರಿ, ನಿಮಗ್ಯಾಕ ಅನುದಾನ? ಏನೂ ಆಗಲಿಲ್ಲ ಅಂತ ಬರದು ಕಳಿಸೋದು ಬಾಳ ಕಷ್ಟದ ಕೆಲಸ ನೋಡ್ರಿ."

ಅದು ಅಂಬಾರಾಯನಿಗೆ ಗೊತ್ತಿದ್ದ ಮಾತೇ. ಕಳವಾಗದ ಊರಿನಲ್ಲಿ ಪೊಲೀಸರು ಯಾಕೆ ಎಂದು ಜನ ಕೇಳುತ್ತಾರೆ. ಏನೂ ಆಗದ ದಿನಕ್ಕೆ ಸಂಬಳ ಕೊಡುವುದು ಯಾರಿಗೂ ಸೇರುವುದಿಲ್ಲ. ಆದರೂ ಅವನ ಮುಂದಿದ್ದದ್ದು ಒಡೆದ ತಲೆಯ ಲೆಕ್ಕ.

"ಕಬ್ಬಿಣ ತಂದವ್ರು ಯಾರು? ಅದನ್ನ ಲಾಡ್ಲೆಸಾಬ ನೋಡ್ಯಾನ. ನೋಡಿದ್ದಕ್ಕಽ ಏಟು ಬಿದ್ದದ. ಹೌದಲ್ರಿ?"

ರಾಯರು ಎದ್ದು ನಿಂತರು. ಕೈಗಳನ್ನು ಮುಂದೆ ಚಾಚಿದರು, ಬೇಡಿ ಹಾಕಿಸಿಕೊಳ್ಳುವವರ ಹಾಗೆ.

"ನಾನೇ. ಕಬ್ಬಿಣ ನಾನೇ ತಂದೆ. ಲಾಡ್ಲೆಸಾಬಗ ಹೊಡದವನೂ ನಾನೇ. ಮಲ್ಕಪ್ಪನ್ನ ಬಿಟ್ಟುಬಿಡ್ರಿ."

"ಸುಳ್ಳ್ರಿ!"

ಫಕ್ರುನ್ನಿಸಾ ಕಾಂತದ ಮನೆಯ ಬಾಗಿಲಲ್ಲಿ ನಿಂತಿದ್ದಳು. ಓಡಿ ಬಂದು ಇಬ್ಬರ ನಡುವೆ ನಿಂತಳು. "ಸರ್ ಸುಳ್ಳು ಹೇಳಾಕತ್ತಾರ. ನಾನು ಮಾಡಿದ್ದು. ಕೇಂದ್ರ ಮುಚ್ಚಿದ್ರ ನನ್ನ ನೌಕರಿ ಹೋಗ್ತದ, ಅದಕ್ಕ ಮಾಡಿದೆ."

"ಸುಮ್ಮನಿರು, ಫಕ್ರು!"

"ನೀವು ಸುಮ್ಮನಿರ್ರಿ, ಸರ್. ನಿಮ್ಮ ವಯಸ್ಸಿಗೆ ಜೇಲಿನ ರೊಟ್ಟಿ ತಿನ್ನೋಹಂಗಿಲ್ಲ."

ಅಂಬಾರಾಯ ಇಬ್ಬರನ್ನೂ ನೋಡಿದ. ತಾನೇ ತಪ್ಪು ಮಾಡಿದೆನೆಂದು ಇಬ್ಬರು ಪೈಪೋಟಿಗೆ ಬಿದ್ದದ್ದನ್ನು ಅವನು ಇದೇ ಮೊದಲು ಕಂಡದ್ದು.

"ಆಯ್ತು," ಎಂದ. "ಕಬ್ಬಿಣ ಎಲ್ಲಿ ಬಚ್ಚಿಟ್ಟಿದ್ರಿ? ಇಬ್ಬರೂ ಹೋಗಿ ಅಲ್ಲಿ ನಿಂದರ್ರಿ. ಒಬ್ಬರನ್ನೊಬ್ಬರು ನೋಡಬ್ಯಾಡ್ರಿ."

ಅವರು ನಡೆದರು. ರಾಯರು ಹಳೆಯ ಬಾವಿಯ ಕಟ್ಟೆಯ ಹತ್ತಿರ ಹೋಗಿ ನಿಂತರು. ಫಕ್ರುನ್ನಿಸಾ ತೊಗರಿ ಕಟ್ಟಿಗೆಯ ಬಣವೆಯ ಬಳಿ ನಿಂತಳು. ಬೇಲಿಯ ಮೂಲೆಯ ಜಾಲಿಗಿಡದ ಕಡೆಗೆ ಇಬ್ಬರಲ್ಲಿ ಯಾರೂ ತಿರುಗಿ ಕೂಡ ನೋಡಲಿಲ್ಲ.

"ಏನು ಕಬ್ಬಿಣ ಅದು, ರಾಯರ?"

"ಹಾರಿ. ಮಣ್ಣು ಅಗಿಯೋ ಹಾರಿ."

"ನೀವು ಹೇಳ್ರಿ, ಮೇಡಂ."

"ಕಟ್ಟಡದ ಸರಳು. ಒಂದು ಕಟ್ಟು."

ಅಂಬಾರಾಯನಿಗೆ ನಗು ಬರಬೇಕಿತ್ತು. ಬರಲಿಲ್ಲ. ಜನವರಿಯಿಂದ ಈ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು, ಒಂದೇ ಚುಕ್ಕೆಯನ್ನು ನೋಡುತ್ತ, ಸುಳ್ಳು ಮಾಡಿದ್ದು ಆ ಇನ್ನೊಬ್ಬರೇ ಎಂದು ನಂಬಿ, ಒಬ್ಬರನ್ನೊಬ್ಬರು ಕಾಯುತ್ತ ಬಂದಿದ್ದರು. ದಿಲ್ಲಿಗೆ ಆ ಕಾಗದ ಹೋದದ್ದೂ ಅದಕ್ಕೇ. ಶಿಷ್ಯೆಯ ತಪ್ಪನ್ನು ಗುರು ಮುಚ್ಚಿದ್ದ, ಗುರುವಿನ ತಪ್ಪನ್ನು ಶಿಷ್ಯೆ.

"ಬರ್ರಿ, ಇಬ್ಬರೂ ಬರ್ರಿ. ಹೂತದ್ದು ಬಂಡಿಯ ಅಚ್ಚು. ಇದ್ದದ್ದು ಆ ಜಾಲಿ ಬುಡಕ್ಕ. ನಿಮ್ಮಿಬ್ಬರಿಗೂ ಅದರ ಸುದ್ದೀನಽ ಇಲ್ಲ."

ರಾಯರು ಫಕ್ರುನ್ನಿಸಾಳ ಕಡೆ ತಿರುಗಿದರು. "ಅಂದ್ರ... ನೀ ಅಲ್ಲ?"

"ನಾ ಹೆಂಗ ಮಾಡ್ಲಿ ಸರ್? ನೀವು ಅಂತ ತಿಳ್ಕೊಂಡು ನಾ ಎಷ್ಟು ಸಲ ಅತ್ತೇನಿ!"

ರಾಯರು ಹಣೆಗೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಕುಸಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂಬಾರಾಯ ಎದುರಿನ ಕಲ್ಲಿನ ಮೇಲೆ ಮತ್ತೆ ಕೂತ. "ಕೇಂದ್ರ ಉಳೀಲಿ ಅಂತ ಸುಳ್ಳು ಮಾಡ್ಯಾರ ಅಂತ ನಾನೂ ತಿಳದಿದ್ದೆ. ತಪ್ಪಾತು. ಬ್ಯಾರೆ ಕೇಂದ್ರಕ್ಕ ಕಾಣದ ಬಿರುಗಾಳಿ ಇಲ್ಲಿ ಕಂಡ್ರ, ಸಮಿತಿಯವ್ರು ಏನಂತಾರ?"

"ಮೋಸ ಅಂತಾರ," ಎಂದರು ರಾಯರು ಮೆಲ್ಲಗೆ. "ಅನುದಾನ ನಿಲ್ಲಸ್ತಾರ. ಮುಂದ ನಾವು ಖರೇ ಹೇಳಿದ್ರೂ ಯಾರೂ ಕಿವಿ ಕೊಡಂಗಿಲ್ಲ."

"ಅಚ್ಚು ಹೂತವನಿಗೆ ಬೇಕಾಗಿದ್ದೂ ಅದೇ. ಅವ ಈ ಕೇಂದ್ರ ಮುಚ್ಚಿಸಾಕ ಹೂತಾನ. ನಿಮ್ಮ ಯಂತ್ರದ ಗುಣ ಬಲ್ಲವ. ಯಾರದಾರ ಅಂಥವ್ರು?"

ರಾಯರು ಉತ್ತರಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ, ದೀಪ ಸಣ್ಣ ಮಾಡಿ ಬರುತ್ತೇನೆಂದು ಒಳಗೆ ಹೋಗಿದ್ದ ಫಕ್ರುನ್ನಿಸಾ ಚೀರಿದ್ದು ಕೇಳಿಸಿತು.

ಇಬ್ಬರೂ ಓಡಿದರು. ಅಂಬಾರಾಯ ಹೊಸ್ತಿಲಲ್ಲೇ ನಿಂತ, ಈ ಸಲ ತಾನಾಗಿಯೇ. ಒಳಗೆ ಬೆಳಕಿನ ಚುಕ್ಕೆ ಗಾಜಿನ ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಗಿದು, ಅಲ್ಲಿಂದಲೂ ಆಚೆ, ಗೋಡೆಯ ಮೇಲೆ ಬಿದ್ದಿತ್ತು. ಅಲ್ಲಿ ನಡುಗುತ್ತಿತ್ತು. ಕೆಳಗಿಳಿಯಿತು. ಮತ್ತೆ ಏರಿತು.

"ಯಾರಾದ್ರೂ ಕಬ್ಬಿಣ ತಂದ್ರೇನು?" ಅಂಬಾರಾಯ ಸುತ್ತ ನೋಡಿದ. ಮಾರ್ಚಿ ತಿಂಗಳ ನಡುಹಗಲು. ಎರೆ ಹೊಲದ ಮೇಲೆ ಬಿಸಿಲು ಕುದಿಯುತ್ತಿತ್ತು. ಕಣ್ಣಿಗೆ ಕಾಣುವಷ್ಟು ದೂರ ಒಂದು ನರಪಿಳ್ಳೆ ಇರಲಿಲ್ಲ. ಅವನ ಪೇದೆ ಪಿಸ್ತೂಲಿನ ಜೊತೆ ರಸ್ತೆಯ ಜೀಪಿನಲ್ಲಿ ಕೂತಿದ್ದ.

"ಮುಂಜಾನಿಂದ ಸಣ್ಣಗೆ ಅಲುಗಾಡಾಕತ್ತಿತ್ತು ಸರ್," ಫಕ್ರುನ್ನಿಸಾ ಉಸಿರು ಎಳೆದುಕೊಂಡಳು. "ಮತ್ತ ನೀವೇ ಕಬ್ಬಿಣ ತಂದೀರಿ ಅಂತ ನಾ ಸುಮ್ಮನಿದ್ದೆ..."

ರಾಯರು ಗೋಡೆಯ ಮೇಲಿನ ಚುಕ್ಕೆಯನ್ನೇ ನೋಡುತ್ತಿದ್ದರು. ಕಾಯುತ್ತಿದ್ದ ಮಗ ಬಾಗಿಲಿಗೆ ಬಂದಾಗ ತಂದೆಯ ಮುಖ ಹೇಗಾಗುತ್ತದೋ ಹಾಗಾಗಿತ್ತು ಅವರ ಮುಖ. ಬಳಿಕ ಅದು ಕಪ್ಪಿಟ್ಟಿತು.

"ಇದು ಖರೇದು," ಎಂದರು. "ಇಷ್ಟು ದೊಡ್ಡದು ನಾ ನನ್ನ ಜನ್ಮದಾಗ ನೋಡಿಲ್ಲ."

"ಏನಾಗ್ತದ ಇದರಿಂದ?"

"ಮೊದಲು ಶಾರ್ಟ್‌ವೇವ್ ರೇಡಿಯೊ ಸಾಯ್ತದ. ಸಮುದ್ರದಾಗಿನ ಹಡಗು, ಆಕಾಶದಾಗಿನ ವಿಮಾನ, ಎಲ್ಲಾ ಅದರ ಮ್ಯಾಲೇ ಮಾತಾಡ್ತಾವ. ಉತ್ತರದ ಶೀತ ದೇಶದಾಗ ಕರೆಂಟಿನ ತಂತಿ ಸುದ್ಧಾ ಕೆಡಬಹುದು. ಹೇಳಬೇಕು ಅಂಬಾರಾಯರ, ಈಗಲೇ ಎಲ್ಲಾರಿಗೂ ಹೇಳಬೇಕು." ಅವರು ಚುಕ್ಕೆಯಿಂದ ಕಣ್ಣು ತೆಗೆದರು. "ಆದ್ರ ನಾ ಹೇಳಿದ್ರ ಯಾರು ನಂಬ್ತಾರ? ಕಡಗಂಚಿಯವ್ರದು ಮತ್ತೊಂದು ಸುಳ್ಳು ಅಂತಾರ."

ಅಂಬಾರಾಯ ಜೇವರ್ಗಿಯವನು. ಭೀಮೆಯ ನೀರು ಕಂಡೇ ಬೆಳೆದವನು. ಅವನು ಅಫಜಲಪುರದಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದಾಗ ನದಿಯ ದಂಡೆಯಲ್ಲಿ ನೀರಿನ ಮಟ್ಟ ನೋಡುವವನೊಬ್ಬನಿದ್ದ. ಹಲವು ವರ್ಷ ಪ್ರವಾಹ ಬರಲಿಲ್ಲವೆಂದು ಮೇಲಿನವರು ಯಾರೋ ಆ ನೌಕರಿಯನ್ನೇ ತೆಗೆದುಹಾಕಿದರು. ಮರುವರ್ಷ ನೀರು ಬಂತು. ಬಂತೆಂದು ಕೂಗಲು ದಂಡೆಯಲ್ಲಿ ಯಾರೂ ಇರಲಿಲ್ಲ. ಕೆಸರಿನಲ್ಲಿ ಸಿಕ್ಕ ಒಬ್ಬ ಮುದುಕಿಯ ಹೆಣವನ್ನು ಅಂಬಾರಾಯನೇ ಎತ್ತಿ ತಂದಿದ್ದ. ಅವಳ ಮುಷ್ಟಿಯಲ್ಲಿ ಇನ್ನೂ ಮೇಕೆಯ ಹಗ್ಗವಿತ್ತು.

ಎದುರಿಗಿದ್ದದ್ದು ಸುಳ್ಳು ಕಾಗದ ಕಳಿಸಿದೆನೆಂದು ಈಗಷ್ಟೇ ಒಪ್ಪಿಕೊಂಡ ಮನುಷ್ಯ. ಇವರ ಮಾತು ನಂಬಿ ವೈರ್‌ಲೆಸ್ ಮಾಡಿ, ಏನೂ ಆಗದಿದ್ದರೆ, ಎಸ್.ಪಿ. ಸಾಹೇಬರು ಅವನ ಅಂಗಿ ಕಳಚಿಸುತ್ತಾರೆ.

"ಜೀಪಿನ್ಯಾಗ ಕೂಡ್ರಿ," ಎಂದ ಅಂಬಾರಾಯ. "ಠಾಣೇದಾಗ ದೂರದ ಊರಿಗೆ ಮಾತಾಡೋ ಶಾರ್ಟ್‌ವೇವ್ ಸೆಟ್ ಅದ. ಅದು ಸಾಯೋದ್ರಾಗ ಎಷ್ಟು ಜನಕ್ಕ ಹೇಳಾಕ ಆಗ್ತದೋ ಹೇಳೂಣು. ನನ್ನ ಹೆಸರು ಹಾಕಿ ಹೇಳ್ರಿ, ನಿಮ್ಮ ಹೆಸರು ಬ್ಯಾಡ."

ಫಕ್ರುನ್ನಿಸಾ ಚುಕ್ಕೆ ಕಾಯಲು ಅಲ್ಲೇ ಉಳಿದಳು. ಅವಳ ಕಾವಲಿಗೆ ಪೇದೆಯನ್ನು ನಿಲ್ಲಿಸಿ, ಪಿಸ್ತೂಲು ತೆಗೆದುಕೊಂಡು, ಅಂಬಾರಾಯ ತಾನೇ ಜೀಪು ಓಡಿಸಿದ.

ಆಳಂದ ಠಾಣೆಯ ಕಟ್ಟೆಯ ಮೇಲೆ ಮಲ್ಕಪ್ಪನ ಹೆಂಡತಿ ಮಲ್ಕಮ್ಮ ರೊಟ್ಟಿಯ ಗಂಟು ಇಟ್ಟುಕೊಂಡು ಕೂತಿದ್ದಳು. ರಾಯರನ್ನು ಕಂಡವಳೇ ಎದ್ದಳು.

"ಸೂರ್ಯಗ ಏನಾಗ್ಯದ ಅಂತ ನೋಡಾಕ ಮನಿ ಕಟ್ಟೀರಿ. ನನ್ನ ಗಂಡಗ ಏನಾಗ್ಯದ ಅಂತ ನೋಡವ್ರು ಯಾರ್ರೀ ಯಪ್ಪಾ?"

ರಾಯರಿಗೆ ತಲೆ ಎತ್ತಲಾಗಲಿಲ್ಲ. ಅಂಬಾರಾಯ ಒಳಗೆ ಹೋಗಿ ಲಾಕಪ್ಪಿನ ಬೀಗ ತೆಗೆದ.

"ಬಾರಪ್ಪ, ಮಲ್ಕಪ್ಪ. ನಿನ್ನ ಅಚ್ಚು ಸಿಕ್ಕದ. ನೀ ಹೊಡದವನಲ್ಲ, ಕಳಕೊಂಡವ. ಹೊರಗ ಬಾ."

ಮಲ್ಕಪ್ಪ ಬಾಗಿಲವರೆಗೆ ಬಂದು ನಿಂತ. "ಆ ಸಾಬ ಬದುಕ್ಯಾನೇನ್ರಿ? ನನ್ನ ಬಂಡ್ಯಾಗ ಬಾಳ ನರಳತಿದ್ದ."

ಉತ್ತರ ವೈರ್‌ಲೆಸ್ ಕೋಣೆಯಿಂದ ಬಂತು.

"ಸಾಹೇಬ್ರ, ಜಲ್ದಿ ಬರ್ರಿ! ಸೊಲ್ಲಾಪುರ ಸಿಕ್ಕದ!"

ಆಪರೇಟರ್ ಭಗವಂತ ಎರಡೂ ಕೈಯಿಂದ ಕಿವಿಯ ಮೇಲಿನ ಹೆಡ್‌ಫೋನ್ ಒತ್ತಿ ಹಿಡಿದಿದ್ದ. ಹಣೆಯ ಮೇಲೆ ಬೆವರು. ಆಳಂದದಿಂದ ಸೊಲ್ಲಾಪುರಕ್ಕೆ ಹೋಗುವ ಟೆಲಿಫೋನ್ ತಂತಿ ಗಾಳಿಗೆ ಕಡಿದು ಬಿದ್ದಿದ್ದರಿಂದ ಅತ್ತ ಕಡೆಯ ಸುದ್ದಿಯೆಲ್ಲ ಈ ಸೆಟ್ಟಿನಲ್ಲೇ ಬರಬೇಕಿತ್ತು.

"ದನಿ ಮುಳುಗಿ ಮುಳುಗಿ ಏಳಾಕತ್ತದ್ರಿ... ಹಾಂ, ಹೇಳ್ರಿ... ಲಾಡ್ಲೆಸಾಬಗ ಎಚ್ಚರ ಆಗ್ಯದಂತ್ರಿ! ನೀರು ಕುಡದಾನಂತ. ಹೊಡದವ್ರನ್ನ ನೋಡೇನಿ ಅಂದಾನಂತ. ಹೆಸರು ನಿಮ್ಮ ಮುಂದೇ ಹೇಳ್ತಾನಂತ್ರಿ."

ಲಾಕಪ್ಪಿನ ಬಾಗಿಲಲ್ಲಿ ಮಲ್ಕಪ್ಪ ಕೈ ಮುಗಿದ. ಅಂಬಾರಾಯನ ಎದೆ ಹಗುರಾಯಿತು.

"ನಾನೇ ಬರ್ತೇನಿ ಅನ್ನು. ಅಲ್ಲೀತನಕ ಅವನ ಹತ್ತಿರ ಯಾರನ್ನೂ ಬಿಡಬ್ಯಾಡ ಅನ್ನು."

ಭಗವಂತ ಹೇಳಿದ. ಮತ್ತೆ ಹೇಳಿದ. ಕಿವಿಗೊಟ್ಟು ಕೇಳಿದ. ಅವನ ಹುಬ್ಬು ಗಂಟಿಕ್ಕಿತು.

"ಹೊರಗಿನವ್ರನ್ನ ಬಿಟ್ಟಿಲ್ಲಂತ್ರಿ. ಕೇಂದ್ರದ ದೊಡ್ಡ ಸಾಹೇಬ್ರನ್ನಷ್ಟೇ ಬಿಟ್ಟಾರಂತ. ಈಗ ಅರ್ಧ ತಾಸಿನ ಹಿಂದ ಕಾರಿನ್ಯಾಗ ಬಂದಾರಂತ. ಗುರ್ತಿನ ಕಾರ್ಡ್ ತೋರ್ಸಿದ್ರಂತ. ಕಾವಲಿಗಿದ್ದ ಹವಾಲ್ದಾರನ್ನ ಊಟಕ್ಕ ಹೋಗು ಅಂದು, ತಾವೇ ಲಾಡ್ಲೆಸಾಬನ ಮಂಚದ ಮ್ಯಾಲೆ ಕುಂತಾರಂತ."

"ಯಾವ ದೊಡ್ಡ ಸಾಹೇಬ್ರು?"

"ಡಾಕ್ಟರ್ ಪಾಂಡುರಂಗರಾವ್ ಅಂತ್ರಿ."

ಕೋಣೆಯಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಡಾಕ್ಟರ್ ಪಾಂಡುರಂಗರಾವ್ ಅಲ್ಲಿ ಬೆಂಚಿನ ಮೇಲೆ, ಕೈಯಲ್ಲಿ ನೀರಿನ ಲೋಟ ಹಿಡಿದು ಕೂತಿದ್ದರು. ಅವರ ಕೈ ಕಿಸೆಗೆ ಹೋಯಿತು, ಇನ್ನೊಂದು ಕಿಸೆಗೆ ಹೋಯಿತು, ಬರಿದಾಗಿ ಹೊರಗೆ ಬಂತು.

"ನನ್ನ ಕಾರ್ಡು..." ಎಂದರು.

ಅಂಬಾರಾಯ ಭಗವಂತನ ಹೆಗಲು ಹಿಡಿದ. "ಹಿಡೀರಿ ಅನ್ನು! ಲಾಡ್ಲೆಸಾಬಗ ಹೊಡದವ ಅವನೇ ಅನ್ನು! ಮಂಚದ ಹತ್ತಿರ ಓಡ್ರಿ ಅನ್ನು!"

ಭಗವಂತ ಕೂಗಿದ. ಸೆಟ್ಟಿನಿಂದ ಬಂದದ್ದು ಸುರಿಯುವ ಮಳೆಯಂಥ ಸಪ್ಪಳ. ಗುಂಡಿ ತಿರುವಿದ, ಅದೇ ಸಪ್ಪಳ. ಗುಲಬರ್ಗಾ ಹುಡುಕಿದ, ಹೈದರಾಬಾದು ಹುಡುಕಿದ. ಎಲ್ಲ ಕಡೆಯೂ ಅದೇ.

"ಹೋತ್ರಿ," ಎಂದ ಬಿಳಿಚಿಕೊಂಡು. "ಎಲ್ಲಾ ಹೋತು."

"ರಾಯರ, ಇದು ಎಷ್ಟೊತ್ತಿಗೆ ತಿಳೀ ಆಗ್ತದ?"

ರಾಯರು ಲೋಟ ಕೆಳಗಿಟ್ಟರು. "ಒಂದು ತಾಸಿಗೂ ಆಗಬಹುದು, ನಾಳಿಗೂ ಆಗಬಹುದು. ಅದನ್ನ ಮುಂದಾಗಿ ಹೇಳೋ ಯಂತ್ರಕ್ಕಽ ನಾವು ದಿಲ್ಲಿಗೆ ಕೈ ಚಾಚಿದ್ದು, ಅಂಬಾರಾಯರ."

ಅಂಬಾರಾಯ ಆಗಲೇ ಅಂಗಳದಲ್ಲಿದ್ದ. "ಭಗವಂತ, ಗುಲಬರ್ಗಾಕ್ಕ ಫೋನ್ ಹಚ್ಚು, ಅಲ್ಲಿಂದ ಸೊಲ್ಲಾಪುರಕ್ಕ ಸುದ್ದಿ ಮುಟ್ಟಸ್ರಿ ಅನ್ನು! ಬಿರುಗಾಳಿ ಸುದ್ದೀನೂ ನನ್ನ ಹೆಸರಿಲೆ ಹೇಳು! ಸೆಟ್ಟಿನ ಕಿವಿ ಬಿಡಬ್ಯಾಡ!" ಜೀಪು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ರಾಯರು ಕರೆಯದೆಯೇ ಬಂದು ಪಕ್ಕದಲ್ಲಿ ಕೂತರು. ಮಲ್ಕಪ್ಪ ಹಿಂದೆ ಹತ್ತಿದ. ಅವನನ್ನು ಇಳಿಸಲು ಅಂಬಾರಾಯನಿಗೆ ಪುರಸೊತ್ತಿರಲಿಲ್ಲ.

ಗೇಟು ದಾಟುವಷ್ಟರಲ್ಲಿ ಭಗವಂತ ಬರಿಗಾಲಲ್ಲಿ ಓಡಿ ಬಂದ.

"ಸಾಹೇಬ್ರ! ಒಂದು ಕ್ಷಣ ದನಿ ಬಂದಿತ್ರಿ! ಪೇಶಂಟನ್ನ ದೊಡ್ಡ ದವಾಖಾನಿಗೆ ಒಯ್ತೇನಿ ಅಂತ ಹೇಳಿ, ಲಾಡ್ಲೆಸಾಬನ್ನ ಕಾರಿನ್ಯಾಗ ಹಾಕ್ಕೊಂಡು ಹೊಂಟಾರಂತ್ರಿ!"

"ಯಾವ ಕಡೆ? ಭಗವಂತ, ಯಾವ ರಸ್ತೆ?"

"ಅದೇ ಹೇಳಾಕ ಬಾಯಿ ತಗದಿದ್ರು ಸಾಹೇಬ್ರ..." ಭಗವಂತ ಏದುಸಿರಿನಲ್ಲಿ ಕೈ ಚೆಲ್ಲಿದ. "ಮುಂದ ಕೇಳಸ್ಲಿಲ್ಲ."